ಮಾತಿನ ಬಾಲಂಗೋಚಿ

“ಅಜ್ಜ, ನಿಮ್ಮ ಮನೆಯಲ್ಲಿ ವೈ-ಫೈ ಯಾಕೆ ಇಷ್ಟು ನಿಧಾನ?”

ಕಳೆದ ಡಿಸೆಂಬರ್ ರಜೆಗೆ ರಾಣೆಬೆನ್ನೂರಿಗೆ ಬಂದ ಮೊಮ್ಮಗಳು ಮೊದಲ ದಿನವೇ ಕೇಳಿದ ಪ್ರಶ್ನೆ ಇದು. ನಾನು ಗೋಡೆಯ ಮೇಲಿನ ವೈ-ಫೈ ಡಬ್ಬಿಯ ಕಡೆ ನೋಡಿದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿಯ ಕೈ ಒಂದು ಕ್ಷಣ ನಿಂತಿತು. ಅವಳಿಗೆ ವೈ-ಫೈ ಗೊಡವೆ ಇಲ್ಲ. ಅವಳ ಕಿವಿಗೆ ಬಿದ್ದದ್ದು ‘ನಿಮ್ಮ ಮನೆ’ ಎಂಬ ಎರಡು ಪದ ಮಾತ್ರ.

ರಾತ್ರಿ ದೀಪ ಆರಿಸುವಾಗ ಕೇಳಿದಳು: “ಹಂಗಾರ ಇದು ಅಕಿ ಮನಿ ಅಲ್ಲೇನ್ರಿ?”

ನಾನು ಉತ್ತರ ಹೇಳಲಿಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕ್ ಸೇರಿದವನು ನಾನು. ಮೂವತ್ತಾರು ವರ್ಷ ಗುಮಾಸ್ತನಾಗಿ, ಯಾರ ದುಡ್ಡು ಯಾರ ಖಾತೆಗೆ ಹೋಗಬೇಕು ಎಂದು ನೋಡಿಕೊಂಡೇ ನಿವೃತ್ತನಾದೆ. ಆದರೆ ಒಂದು ಮನೆಯನ್ನು ಯಾರ ಖಾತೆಗೆ ಬರೆಯಬೇಕು ಎಂಬ ಪ್ರಶ್ನೆ ನನ್ನ ಕೌಂಟರಿಗೆ ಎಂದೂ ಬಂದಿರಲಿಲ್ಲ.

ಮೊಮ್ಮಗಳು ಹುಟ್ಟಿದ್ದು ಇಲ್ಲೇ. ಬೆಳೆಯುತ್ತಿರುವುದು ಮಲೇಷ್ಯಾದ ಕ್ವಾಲಾಲಂಪುರದಲ್ಲಿ. ಮಗ ಅಲ್ಲಿ ಕೆಲಸದಲ್ಲಿದ್ದಾನೆ. ಅವಳೀಗ ನಾಲ್ಕನೇ ತರಗತಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಜೊತೆಗೆ ಅಲ್ಲಿನ ಮಲಯ್ ಭಾಷೆಯ ಒಂದು ಪಾಠ. ಮರುದಿನ ಬೆಳಿಗ್ಗೆ ಅವಳು ಪಡಸಾಲೆಯಲ್ಲಿ ಕೂತು ಆ ಮಲಯ್ ಪಾಠದ ರಜೆಯ ಅಭ್ಯಾಸ ಬರೆಯುತ್ತಿದ್ದಳು. ನಾನು ಪಕ್ಕದಲ್ಲಿ ಪೇಪರ್ ಓದುತ್ತಿದ್ದೆ. ಒಂದೇ ಸಮನೆ ಕೋಗಿಲೆ ಕೂಗಿದಂತೆ ಕೇಳಿಸಿತು.

“ಬುಕುಕು... ಕುಕುಕು... ಬುಕುಕು...”

“ಏನವಾ ಅದು?” ಅಂದೆ.

“ಬುಕು ಅಂದ್ರೆ ಪುಸ್ತಕ ಅಜ್ಜ. ಬುಕುಕು ಅಂದ್ರೆ ನನ್ನ ಪುಸ್ತಕ. ಕುಕು ಅಂದ್ರೆ ಉಗುರು. ಕುಕುಕು ಅಂದ್ರೆ ನನ್ನ ಉಗುರು!”

ಕು, ಮು, ನ್ಯ

ಮಕ್ಕಳೇ, ಈ ಆಟ ನಿಮಗೂ ಐದು ನಿಮಿಷದಲ್ಲಿ ಬರುತ್ತದೆ. ಮಲಯ್‌ನಲ್ಲಿ ರುಮಾಹ್ ಎಂದರೆ ಮನೆ. ಕೊನೆಗೆ ‘ಕು’ ಸೇರಿಸಿ ರುಮಾಹ್‌ಕು ಎಂದರೆ ನನ್ನ ಮನೆ. ‘ಮು’ ಸೇರಿಸಿ ರುಮಾಹ್‌ಮು ಎಂದರೆ ನಿನ್ನ ಮನೆ. ‘ನ್ಯ’ ಸೇರಿಸಿ ರುಮಾಹ್‌ನ್ಯ ಎಂದರೆ ಅವನ ಮನೆ ಅಥವಾ ಅವಳ ಮನೆ. ಅವನು, ಅವಳು ಎಂಬ ಭೇದ ಆ ಭಾಷೆಯಲ್ಲಿ ಇಲ್ಲ. ಇಬು ಎಂದರೆ ತಾಯಿ. ಇಬುಕು ನನ್ನ ತಾಯಿ, ಇಬುಮು ನಿನ್ನ ತಾಯಿ, ಇಬುನ್ಯ ಅವನ ಅಥವಾ ಅವಳ ತಾಯಿ. ಮಲಯ್‌ನ ಒಡಹುಟ್ಟು ಎನ್ನಬಹುದಾದ ಇಂಡೊನೇಷ್ಯಾದ ಭಾಷೆಯಲ್ಲೂ ಇದೇ ಕ್ರಮ.

ನಾವು ಕನ್ನಡದಲ್ಲಿ ‘ನನ್ನ’ ಎಂಬುದನ್ನು ಎತ್ತಿನಂತೆ ಪದದ ಮುಂದೆ ಕಟ್ಟುತ್ತೇವೆ. ಅವರು ಗಾಳಿಪಟದ ಬಾಲಂಗೋಚಿಯಂತೆ ಹಿಂದೆ ಅಂಟಿಸುತ್ತಾರೆ. ಬಾಲಂಗೋಚಿ ಚಿಕ್ಕದೇ, ಆದರೆ ಅದಿಲ್ಲದೆ ಪಟ ಎಲ್ಲಿಗೆ ಹೋಗಿ ಬೀಳುತ್ತದೋ ಹೇಳಲಾಗದು. ನನಗಂತೂ ನಮ್ಮ ಲೆಡ್ಜರ್ ನೆನಪಾಯಿತು. ಐನೂರು ರೂಪಾಯಿ ಎಂದಷ್ಟೇ ಬರೆದರೆ ಅದು ಯಾರದೂ ಅಲ್ಲ. ಪಕ್ಕದಲ್ಲಿ ಖಾತೆಯ ಸಂಖ್ಯೆ ಬಿದ್ದಾಗಲೇ ಅದಕ್ಕೊಬ್ಬ ಒಡೆಯ. ಕು, ಮು, ನ್ಯ ಎಂಬ ಈ ಮೂರು ಅಕ್ಷರಗಳು ಮಲಯ್ ಭಾಷೆಯ ಖಾತೆ ಸಂಖ್ಯೆಗಳು.

ಅವಳ ಪುಸ್ತಕದಲ್ಲಿ ನನಗೆ ಗುರುತಿನ ಮುಖಗಳೂ ಕಂಡವು. ಶತಮಾನಗಳ ಹಿಂದೆ ವ್ಯಾಪಾರಿಗಳು, ಪಂಡಿತರು, ನಾವಿಕರು ಭಾರತಕ್ಕೂ ಆ ದ್ವೀಪಗಳಿಗೂ ಓಡಾಡುತ್ತಿದ್ದರು. ಹೋಗುವಾಗ ಸಂಸ್ಕೃತದ ಪದಗಳನ್ನೂ ಗಂಟು ಕಟ್ಟಿಕೊಂಡು ಹೋದರು. ನಾಮ ಅಲ್ಲಿ ಹೆಸರೇ. ನಾಮಾಕು ಎಂದರೆ ನನ್ನ ಹೆಸರು. ಗುರುಕು ಎಂದರೆ ನನ್ನ ಗುರು. ಮುಕ ಎಂದರೆ ಮುಖ, ಮುಕಾಮು ಎಂದರೆ ನಿನ್ನ ಮುಖ. ನಮ್ಮ ‘ದೋಷ’ ಅಲ್ಲಿ ‘ದೋಸ’ ಆಗಿ, ಪಾಪ ಎಂಬ ಅರ್ಥ ಪಡೆದಿದೆ. ಹಾಗಾಗಿ ದೋಸಾಕು ಎಂದರೆ ನನ್ನ ಪಾಪ!

“ಅಜ್ಜಿ, ದೋಸಾಕು!” ಎಂದು ಮೊಮ್ಮಗಳು ಅಡುಗೆಮನೆಗೆ ಕೂಗಿದಳು.

“ದ್ವಾಸಿ ಸಾಕಾ? ಒಂದ ತಿಂದಿ, ಇನ್ನೊಂದು ತಿನ್ನವಾ,” ಎಂದು ಒಳಗಿನಿಂದ ಉತ್ತರ ಬಂತು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಗು ನಿಂತ ಮೇಲೆ ಅವಳು ಇನ್ನೊಂದು ಪದ ತೋರಿಸಿದಳು: ನೆಗಾರಾಕು. ಸಂಸ್ಕೃತದ ‘ನಗರ’ ಅಲ್ಲಿ ‘ನೆಗಾರ’ ಆಗಿ ದೇಶ ಎಂಬ ಅರ್ಥಕ್ಕೆ ಬೆಳೆದಿದೆ. ನೆಗಾರಾಕು, ಅಂದರೆ ನನ್ನ ದೇಶ. ಅದು ಮಲೇಷ್ಯಾದ ರಾಷ್ಟ್ರಗೀತೆಯ ಹೆಸರು. 1957ರಲ್ಲಿ ಆ ನಾಡು ಸ್ವತಂತ್ರವಾದಾಗಿನಿಂದ ಶಾಲೆಯ ಮಕ್ಕಳು ಅದನ್ನು ಹಾಡುತ್ತಾ ಬಂದಿದ್ದಾರೆ.

“ನಾನೂ ಹಾಡ್ತೀನಿ ಅಜ್ಜ, ಅಸೆಂಬ್ಲಿಯಲ್ಲಿ,” ಅಂದಳು. ಒಳ್ಳೆಯದವಾ ಅಂದೆ. ಇರುವ ನೆಲಕ್ಕೆ ನಮಸ್ಕಾರ ಮಾಡುವುದು ಒಳ್ಳೆಯ ನಡತೆಯೇ. ಆದರೂ ರಾತ್ರಿ ಹೆಂಡತಿ ಕೇಳಿದ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಆಡಿತು. ಅಲ್ಲಿ ಎಲ್ಲದಕ್ಕೂ ‘ಕು’ ಅಂಟಿಸಿಕೊಂಡ ಮಗುವಿಗೆ ಇಲ್ಲಿ ಅಂಟಿಸಿಕೊಳ್ಳಲು ಏನು ಉಳಿದಿದೆ?

ಹಾವೇರಿಯ ಮಾಸ್ತರ್ ಹೇಳಿದ್ದು

ಹಾವೇರಿಯಲ್ಲಿ ನನ್ನ ಬಾಲ್ಯದ ಗೆಳೆಯರೊಬ್ಬರಿದ್ದಾರೆ, ನಿವೃತ್ತ ಕನ್ನಡ ಮಾಸ್ತರ್. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ನಾವಿಬ್ಬರೂ ಮೂರು ದಿನ ಪುಸ್ತಕದ ಮಳಿಗೆಗಳಲ್ಲೇ ಕಳೆದವರು. ಮೊಮ್ಮಗಳನ್ನು ಕರೆದುಕೊಂಡು ರೈಲಿನಲ್ಲಿ ಹೊರಟೆ. ರಾಣೆಬೆನ್ನೂರು ಬಿಟ್ಟರೆ ಬ್ಯಾಡಗಿ, ಅದಾದ ಮೇಲೆ ಹಾವೇರಿ. ಕಿಟಕಿ ಪಕ್ಕ ಕೂತ ಅವಳು ದಾರಿಯುದ್ದಕ್ಕೂ ಕಂಡದ್ದಕ್ಕೆಲ್ಲ ‘ಕು’ ಹಚ್ಚುತ್ತಾ ಬಂದಳು. ಎಮ್ಮೆಕು, ಜೋಳಕು, ರೈಲುಕು!

ಮಾಸ್ತರ್ ಅದನ್ನೆಲ್ಲ ಕೇಳಿ ಕನ್ನಡಕ ಸರಿಮಾಡಿಕೊಂಡರು. “ಪುಟ್ಟಿ, ನಿನ್ನ ಮಲಯ್‌ದಾಗ ಬಾಲ ಹಿಂದ ಐತಿ. ನಮ್ಮ ಕನ್ನಡದಾಗ ಮುಂದ ಅಡಗಿ ಕುಂತೈತಿ. ತೋರಸ್ಲಿ?” ಎಂದು ಒಂದು ಹಾಳೆ ತೆಗೆದುಕೊಂಡರು. ಮೂರು ಪದ ಬರೆದರು: ತಂದೆ, ತಮ್ಮ, ತಂಗಿ.

“ಮೂರರಾಗೂ ಮೊದಲ ಅಕ್ಷರ ಯಾವುದು?”

“ತ!”

ಆ ‘ತ’ ಸುಮ್ಮನೆ ಬಂದದ್ದಲ್ಲ ಎಂದರು ಮಾಸ್ತರ್. ಅದು ‘ತನ್ನ’, ‘ತಮ್ಮ’ ಎನ್ನುವಾಗಿನ ‘ತ’. ನಮ್ಮ ನೆರೆಯ ಹಳೆಯ ತಮಿಳನ್ನು ನೋಡಿದರೆ ಗುಟ್ಟು ಬಯಲಾಗುತ್ತದೆ. ಅಲ್ಲಿ ‘ಎಂದೈ’ ಎಂದರೆ ನನ್ನ ತಂದೆ, ‘ನುಂದೈ’ ಎಂದರೆ ನಿನ್ನ ತಂದೆ, ‘ತಂದೈ’ ಎಂದರೆ ಅವನ ತಂದೆ. ಹಾಗೆಯೇ ‘ಎಂಬಿ’ ನನ್ನ ತಮ್ಮ, ‘ನುಂಬಿ’ ನಿನ್ನ ತಮ್ಮ, ‘ತಂಬಿ’ ಅವನ ತಮ್ಮ. ‘ಎಂಗೈ’ ನನ್ನ ತಂಗಿ, ‘ನುಂಗೈ’ ನಿನ್ನ ತಂಗಿ, ‘ತಂಗೈ’ ಅವನ ತಂಗಿ. ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯ ಸಂಗಂ ಕವಿತೆಗಳಲ್ಲಿ ಈ ಜೋಡಿಗಳು ಸಿಗುತ್ತವೆ. ಕಾಲ ಕಳೆದಂತೆ ನನ್ನ, ನಿನ್ನ ಎಂಬ ರೂಪಗಳು ಬಳಕೆಯಿಂದ ಜಾರಿದವು. ‘ತ’ ಇರುವ ರೂಪ ಮಾತ್ರ ಉಳಿಯಿತು. ಕನ್ನಡಕ್ಕೆ ಬಂದು ನಿಂತದ್ದೂ ಅದೇ. ಒಳಗೆ ‘ತನ್ನ’ ಇದೆ ಎಂಬುದೇ ಮರೆತುಹೋಗಿ, ನಾವು ಅದರ ಮುಂದೆ ಮತ್ತೆ ‘ನನ್ನ’ ಸೇರಿಸಿ ‘ನನ್ನ ತಂದೆ’ ಎನ್ನುತ್ತೇವೆ. ಬಿಡಿಸಿ ನೋಡಿದರೆ ‘ನನ್ನ ತನ್ನಪ್ಪ’ ಎಂದ ಹಾಗೆ!

ನಾನು ಎಪ್ಪತ್ತು ದಾಟಿದವನು. ದಿನವೂ ಆಡುವ ಪದದ ಹೊಟ್ಟೆಯಲ್ಲಿ ಇನ್ನೊಂದು ಪದ ಮಲಗಿದೆ ಎಂದು ಅಂದೇ ಗೊತ್ತಾಯಿತು.

ಮಾಸ್ತರ್ ಗೋಡೆಯ ಮೇಲಿನ ಭೂಪಟದ ಹತ್ತಿರ ನಮ್ಮನ್ನು ಕರೆದೊಯ್ದರು. ಮಲಯ್ ಒಂಟಿ ಅಲ್ಲ. ಅದಕ್ಕೆ ಸಾವಿರಕ್ಕೂ ಹೆಚ್ಚು ಭಾಷೆಗಳ ಬಳಗವಿದೆ. ಆಸ್ಟ್ರೊನೇಷ್ಯನ್ ಭಾಷೆಗಳು ಎನ್ನುತ್ತಾರೆ. ದೋಣಿಗಳಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋದ ಜನ ತಮ್ಮ ಮಾತನ್ನೂ ಹೊತ್ತೊಯ್ದರು. ಪೂರ್ವದಲ್ಲಿ ಶಾಂತಸಾಗರದ ನಡುವಿನ ಈಸ್ಟರ್ ದ್ವೀಪದವರೆಗೆ, ಪಶ್ಚಿಮದಲ್ಲಿ ಆಫ್ರಿಕಾದ ಪಕ್ಕದ ಮಡಗಾಸ್ಕರ್‌ವರೆಗೆ. ಫಿಲಿಪೀನ್ಸಿನ ತಗಲೋಗ್ ಭಾಷೆಯಲ್ಲಿ ನನ್ನ ಮನೆ ‘ಬಹಾಯ್ ಕೊ’, ನಿನ್ನ ಮನೆ ‘ಬಹಾಯ್ ಮೊ’. ಮಡಗಾಸ್ಕರ್‌ನಲ್ಲಿ ಮನೆಗೆ ‘ಟ್ರಾನು’, ನನ್ನ ಮನೆಗೆ ‘ಟ್ರಾನುಕು’. ಸಾವಿರ ವರ್ಷಕ್ಕೂ ಹಿಂದೆ ಬೋರ್ನಿಯೊ ಕಡೆಯಿಂದ ಹೊರಟವರು ಇಡೀ ಹಿಂದೂ ಮಹಾಸಾಗರ ದಾಟಿ ಅಲ್ಲಿ ನೆಲೆಸಿದರು. ಮನೆ ಬಿಟ್ಟರು, ಊರು ಬಿಟ್ಟರು. ‘ನನ್ನದು’ ಎಂಬ ಆ ಪುಟ್ಟ ‘ಕು’ ಮಾತ್ರ ಬಿಡಲಿಲ್ಲ.

“ಫಿಜಿಯೊಳಗ ಇನ್ನೂ ಒಂದು ಚಂದ ಐತಿ,” ಎಂದರು ಮಾಸ್ತರ್. ಫಿಜಿಯ ಭಾಷೆಯಲ್ಲಿ ‘ತಮಾಂಗು’ ಎಂದರೆ ನನ್ನ ತಂದೆ, ‘ತಿನಾಂಗು’ ಎಂದರೆ ನನ್ನ ತಾಯಿ, ‘ಉಲುಂಗು’ ಎಂದರೆ ನನ್ನ ತಲೆ. ಕೊನೆಯ ‘ಂಗು’ ನಮ್ಮ ‘ಕು’ವಿನ ನೆಂಟ. ಆದರೆ ಮನೆಗೆ ಅದನ್ನು ಹಾಗೆ ಅಂಟಿಸುವಂತಿಲ್ಲ. ‘ನೋಂಗು ವಲೇ’ ಎಂದು ಬಿಡಿಸಿ, ಮುಂದೆ ಬೇರೆ ಪದ ಇಟ್ಟು ಹೇಳಬೇಕು. ಏಕೆಂದರೆ ತಲೆ, ಕೈ, ತಾಯಿ, ತಂದೆ ಇವು ನಮ್ಮಿಂದ ಕಳಚಿಕೊಳ್ಳಲಾಗದವು. ಮನೆಯನ್ನು ಮಾರಬಹುದು, ಬಾಡಿಗೆಗೆ ಕೊಡಬಹುದು, ಬಿಟ್ಟು ಹೋಗಬಹುದು. ಅಂಟಿದ್ದಕ್ಕೆ ಒಂದು ವ್ಯಾಕರಣ, ಇಟ್ಟುಕೊಂಡದ್ದಕ್ಕೆ ಇನ್ನೊಂದು.

“ನಮ್ಮಲ್ಲೂ ಹಂಗ ನೋಡ್ರಿ. ‘ತ’ ಅಂಟಿದ್ದು ತಂದೆಗೆ, ತಮ್ಮಗ, ತಂಗಿಗೆ. ಮನಿಗೆ ಅಂಟಲಿಲ್ಲ.”

ಮೊಮ್ಮಗಳು ಭೂಪಟದ ಮೇಲೆ ಬೆರಳಿಟ್ಟು ಕ್ವಾಲಾಲಂಪುರದಿಂದ ಹಾವೇರಿಗೆ ಗೆರೆ ಎಳೆಯುತ್ತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ಗೊತ್ತಾಗಲಿಲ್ಲ. ಹೊರಡುವಾಗ ಮಾಸ್ತರ್ ಅವಳ ಕೊರಳಿಗೆ ಹಾವೇರಿಯ ಪುಟ್ಟ ಏಲಕ್ಕಿ ಹಾರ ಹಾಕಿದರು. ದಾರಿಯುದ್ದಕ್ಕೂ ಘಮಘಮ.

ಬ್ಯಾಡಗಿಯ ‘ರಿ’

ವಾಪಸು ಬರುವಾಗ ಬ್ಯಾಡಗಿಯಲ್ಲಿ ಇಳಿದೆವು. ಹೊಸ ಮೆಣಸಿನಕಾಯಿ ಬರತೊಡಗಿತ್ತು. ಮಾರುಕಟ್ಟೆಯಲ್ಲಿ ಕಣ್ಣು ಹಾಯಿಸಿದಷ್ಟೂ ಕೆಂಪು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಮೈ ಸುಕ್ಕುಸುಕ್ಕು. ಕಡ್ಡಿ ಎಂಬ ಉದ್ದನೆಯದು, ಡಬ್ಬಿ ಎಂಬ ಗಿಡ್ಡ, ದುಂಡನೆಯದು. ಒಳಗೆ ಕಾಲಿಟ್ಟ ಕೂಡಲೇ ಮೊಮ್ಮಗಳಿಗೆ ಏಳು ಸೀನು ಬಂದವು.

“ಹರ್ಗಾನ್ಯ ಬೆರಾಪ?” ಎಂದು ನನ್ನ ಕಿವಿಯಲ್ಲಿ ಕೇಳಿದಳು. ಇದರ ಬೆಲೆ ಎಷ್ಟು ಎಂದರ್ಥ. ಹರ್ಗ ಎಂದರೆ ಬೆಲೆ, ಸಂಸ್ಕೃತದ ‘ಅರ್ಘ’ದಿಂದ ಹೋದದ್ದು. ಕೊನೆಯ ‘ನ್ಯ’ ಇಲ್ಲಿ ‘ಅದರ’ ಎಂಬ ಅರ್ಥ ಕೊಡುತ್ತದೆ.

ನಾನು ಅವಳಿಗೊಂದು ಕೆಲಸ ಕೊಟ್ಟೆ. “ಇಲ್ಲಿ ಜನ ಮಾತಾಡೂದು ಕೇಳು. ಮಾತಿನ ಕೊನೀಗೆ ‘ರಿ’ ಎಷ್ಟ ಸಲ ಬರತೈತಿ, ಗೆರಿ ಹಾಕು.”

ದಲಾಲರ ಅಂಗಡಿಯ ಕಟ್ಟೆ ಮೇಲೆ ಕೂತು ಅವಳು ನೋಟ್‌ಬುಕ್ ತೆಗೆದಳು. ಬರ್ರಿ, ಕುಂದರ್ರಿ. ಎಷ್ಟ್ ಚೀಲ ಅದಾವ್ರಿ? ಹದಿನೆಂಟ್ರಿ. ಒಣಗ್ಯಾವೇನ್ರಿ? ಹೂನ್ರಿ. ಇಲ್ರಿ. ಸಾಕ್ರಿ. ಯಾಕ್ರಿ? ಚಾ ಕುಡೀರಿ. ಹದಿನೈದು ನಿಮಿಷದಲ್ಲಿ ಅವಳ ಹಾಳೆ ತುಂಬಿತು. ಎಣಿಸಿದರೆ 112!

“ಅಜ್ಜ, ಇದೂ ಬಾಲಂಗೋಚಿನಾ?”

ಹೌದು. ಇದು ನಮ್ಮ ಕಡೆಯ ಬಾಲಂಗೋಚಿ. ಶಾಲೆಯ ವ್ಯಾಕರಣದಲ್ಲಿ ‘ಆಖ್ಯಾತ ಪ್ರತ್ಯಯ’ ಎಂದು ಓದುತ್ತೀರಲ್ಲ, ಅದರ ಬಳಗದ್ದೇ. ಬಂದೆನು ಎಂದರೆ ಸಾಕು, ‘ನಾನು’ ಎನ್ನುವ ಅಗತ್ಯವಿಲ್ಲ. ಬಂದಳು ಎಂದರೆ ಅವಳು. ಬಂದಿರಿ ಎಂದರೆ ನೀವು. ಕ್ರಿಯಾಪದದ ಬಾಲ ನೋಡಿದರೆ ಬಂದವರು ಯಾರು ಎಂದು ತಿಳಿಯುತ್ತದೆ. 13ನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಈ ಪ್ರತ್ಯಯಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟಿದ್ದಾನೆ. ಬನ್ನಿರಿ, ಬಂದಿರಿ ಎನ್ನುವಾಗ ಕೊನೆಯಲ್ಲಿ ಕೇಳುವ ಆ ‘ರಿ’ಯನ್ನು ನಮ್ಮ ಕಡೆಯ ಜನ ಕ್ರಿಯಾಪದಕ್ಕಷ್ಟೇ ಬಿಡಲಿಲ್ಲ. ಹೌದು, ಇಲ್ಲ, ಏನು, ಸಾಕು, ಹದಿನೆಂಟು, ಎಲ್ಲಕ್ಕೂ ಕಟ್ಟಿದರು.

ಎದುರಿಗಿರುವವರು ಯಾರು ಎಂಬುದನ್ನು ನಮ್ಮ ಮಾತಿನ ಕೊನೆ ಹೇಳುತ್ತದೆ. ಗಂಡುಹುಡುಗನಾದರೆ ‘ಬಾರೋ’, ಹೆಣ್ಣುಹುಡುಗಿಯಾದರೆ ‘ಬಾರೇ’. ಮುದ್ದಿನಿಂದ ‘ಬಾರಪಾ’, ‘ಬಾರವಾ’. ಆ ‘ಪಾ’ದಲ್ಲಿ ಅಪ್ಪ ಇದ್ದಾನೆ, ‘ವಾ’ದಲ್ಲಿ ಅವ್ವ ಇದ್ದಾಳೆ. ಮೂರು ವರ್ಷದ ಕೂಸನ್ನೂ ಅಪ್ಪ, ಅವ್ವ ಎಂದು ಕರೆಯುವ ಸೀಮೆ ನಮ್ಮದು. ಮರ್ಯಾದೆ ಕೊಡಬೇಕಾದಲ್ಲಿ ‘ಬರ್ರಿ’.

ಆ ಕಟ್ಟೆಯ ಮೇಲೆ ಕೂತು ನಾನು ಮೊಮ್ಮಗಳಿಗೆ ಒಂದು ಹಳೆಯ ಕಥೆ ಹೇಳಿದೆ. ಅದುವರೆಗೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

1979. ನನಗೆ 27 ವರ್ಷ. ಇದೇ ಊರಿನ ಒಂದು ಬ್ಯಾಂಕ್ ಶಾಖೆಯಲ್ಲಿ ಕೌಂಟರಿನ ಮೇಲಿದ್ದೆ. ಮೆಣಸಿನಕಾಯಿ ಸುಗ್ಗಿ, ಉಸಿರಾಡಲು ಬಿಡುವಿಲ್ಲದಷ್ಟು ಜನ. ರುಮಾಲು ಸುತ್ತಿದ ವಯಸ್ಸಾದ ರೈತರೊಬ್ಬರು ಮಗಳ ಮದುವೆಗೆಂದು ದುಡ್ಡು ತೆಗೆಯಲು ಬಂದರು. ಅವರಿಗೆ ಸಹಿ ಬಾರದು. ಹೆಬ್ಬೆಟ್ಟನ್ನು ಚೀಟಿಯಲ್ಲಿ ತಪ್ಪು ಜಾಗಕ್ಕೆ ಒತ್ತಿಬಿಟ್ಟರು. ನನಗೆ ಸಿಟ್ಟು ಬಂತು. “ಏ, ಅಲ್ಲಿ ಅಲ್ಲ, ಇಲ್ಲಿ ಒತ್ತು. ಕಣ್ಣು ಕಾಣ್ಸಾಂಗಿಲ್ಲೇನು?” ಅಂದೆ.

ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಹಿರಿಯರು ಮಾತಾಡದೆ ಇನ್ನೊಂದು ಚೀಟಿಗೆ ಹೆಬ್ಬೆಟ್ಟು ಒತ್ತಿದರು. ನೋಟು ಎಣಿಸಿ ಪಂಚೆಯ ಗಂಟಿಗೆ ಸೇರಿಸಿಕೊಂಡರು. ಆಮೇಲೆ ನನ್ನ ಮುಖ ನೋಡಿ, “ಆತ್ರಿ ಸಾಹೇಬ್ರ. ನನ್ನ ಮಗ ನಿಮಗಿಂತ ಹಿರ್ಯಾ ಅದಾನ್ರಿ. ಬರ್ತೀನ್ರಿ,” ಅಂದರು.

ಮೂರು ‘ರಿ’. ನಾನು ಒಂದನ್ನೂ ಕೊಟ್ಟಿರಲಿಲ್ಲ. ಅವರು ಮೂರು ಕೊಟ್ಟು ಹೋದರು.

ಆಮೇಲೆ ಅವರು ನನ್ನ ಕೌಂಟರಿಗೆ ಬರಲೇ ಇಲ್ಲ. ನನ್ನ ಮುಂದೆ ಯಾರೂ ಇರದಿದ್ದರೂ, ಪಕ್ಕದ ಸಾಲಿನಲ್ಲಿ ಹತ್ತು ಜನ ನಿಂತಿದ್ದರೂ, ಅಲ್ಲೇ ಹೋಗಿ ಹಿಂದೆ ನಿಲ್ಲುತ್ತಿದ್ದರು. ಅಂದಿನಿಂದ ಎಲ್ಲರಿಗೂ ‘ರಿ’ ಹಚ್ಚತೊಡಗಿದೆ. ಅವರಿಗೆ ಒಂದು ಸಲ “ಬರ್ರಿ ಯಜಮಾನ್ರ” ಎನ್ನಬೇಕೆಂದು ಕಾಯುತ್ತಿದ್ದೆ. ಅಷ್ಟರಲ್ಲಿ ನನಗೆ ವರ್ಗವಾಯಿತು. ಲೆಡ್ಜರಿನಲ್ಲಿ ತಪ್ಪು ಬಿದ್ದರೆ ಮರುದಿನ ತಿದ್ದಬಹುದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರೆ ಆಯಿತು. ಆ ತಪ್ಪನ್ನು ತಿದ್ದಲು ನನಗೆ ಯಾವ ಪುಟವೂ ಸಿಗಲಿಲ್ಲ.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ನಮ್ಮ ಟೀಚರ್ ಕೂಡ ಹೇಳ್ತಾರೆ ಅಜ್ಜ. ದೊಡ್ಡವರಿಗೆ ‘ಮು’ ಹಚ್ಚಬಾರದು,” ಅಂದಳು.

ಅವಳು ವಿವರಿಸಿದ್ದು ಹೀಗೆ. ಕು, ಮು ಗೆಳೆಯರ ನಡುವಿನ ಮಾತು, ಹಾಡಿನ ಮಾತು. ಟೀಚರ್ ಹತ್ತಿರ ರುಮಾಹ್‌ಕು ಎನ್ನುವುದಕ್ಕಿಂತ ‘ರುಮಾಹ್ ಸಾಯ’ ಎನ್ನುವುದು ಮರ್ಯಾದೆ. ‘ಸಾಯ’ ಎಂದರೂ ನಾನು ಎಂದೇ ಅರ್ಥ. ಅದು ನಮ್ಮ ‘ಸಹಾಯ’ ಪದದಿಂದ ಹೋದದ್ದು ಎಂದು ನಾನು ಆಮೇಲೆ ಓದಿ ತಿಳಿದೆ. ನಾನು ಎನ್ನುವಾಗಲೇ ‘ನಿಮ್ಮ ನೆರವಿಗೆ ನಿಂತವನು’ ಎಂದ ಹಾಗೆ. ಇನ್ನು ಅಜ್ಜನಿಗೆ ರುಮಾಹ್‌ಮು ಎಂದರೆ ಒರಟು. ‘ರುಮಾಹ್ ದಾತುಕ್’ ಎನ್ನಬೇಕು. ದಾತುಕ್ ಎಂದರೆ ಅಜ್ಜ. ನಿನ್ನ, ನಿಮ್ಮ ಎಂಬ ಪದವನ್ನೇ ಬಿಟ್ಟು ಸಂಬಂಧದ ಹೆಸರು ಹಿಡಿದು ಮಾತಾಡುವುದು. ನಮ್ಮಲ್ಲೂ “ಅಜ್ಜಾರದು ಊಟ ಆತೇನ್ರಿ?” ಎಂದು ಎದುರಿಗಿರುವ ಅಜ್ಜನನ್ನೇ ಕೇಳುವುದಿಲ್ಲವೇ? ಹಾಗೆ.

ಬೇರೆ ಬೇರೆ ಸಮುದ್ರಗಳ ನೀರು ಕುಡಿದ ಎರಡು ಭಾಷೆಗಳು. ಮನುಷ್ಯ ಮನುಷ್ಯನ ಎದುರು ನಿಂತಾಗ ಎರಡಕ್ಕೂ ಬಂದದ್ದು ಒಂದೇ ಅಂಜಿಕೆ, ಒಂದೇ ಅಕ್ಕರೆ.

ಮನೆಯಲ್ಲೇ ಒಂದು ಆಟ

ಮಕ್ಕಳೇ, ಈ ಭಾನುವಾರ ನೀವೂ ಒಂದು ಹಾಳೆ, ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಮನೆಯವರು ಮಾತಾಡುವಾಗ ಕೊನೆಯ ಅಕ್ಷರ ಮಾತ್ರ ಬರೆದುಕೊಳ್ಳಿ. ಅಜ್ಜಿ ಅಜ್ಜನಿಗೆ ಏನು ಹಚ್ಚುತ್ತಾರೆ? ಅಪ್ಪ ತರಕಾರಿ ಮಾರುವವರಿಗೆ ಏನು ಹಚ್ಚುತ್ತಾರೆ? ಅದೇ ಅಪ್ಪ ಆಫೀಸಿನ ಸಾಹೇಬರಿಗೆ ಫೋನಿನಲ್ಲಿ ಏನು ಹಚ್ಚುತ್ತಾರೆ? ಬೆಂಗಳೂರು, ಮಂಗಳೂರು ಕಡೆಯ ಮಕ್ಕಳಾದರೆ ‘ರಿ’ ಬದಲು ಬೇರೆ ಬಾಲಗಳು ಸಿಗಬಹುದು. ಪಟ್ಟಿ ಮಾಡಿ ಅಜ್ಜ ಅಜ್ಜಿಗೆ ತೋರಿಸಿ. ಅಜ್ಜ ಅಜ್ಜಿಯಂದಿರೇ, ಮಕ್ಕಳು ತಂದ ಪಟ್ಟಿಯನ್ನು ಒಮ್ಮೆ ಸಮಾಧಾನದಿಂದ ನೋಡಿ. ಯಾರಿಗೆ ಏನು ಕೊಟ್ಟಿದ್ದೇವೆ, ಯಾರಿಗೆ ಏನೂ ಕೊಟ್ಟಿಲ್ಲ ಎಂಬ ಲೆಕ್ಕ ಅದರಲ್ಲಿ ಇರುತ್ತದೆ.

ಕಿತ, ಕಾಮಿ

ಅವಳು ಹೊರಡುವ ಹಿಂದಿನ ದಿನ ಪಡಸಾಲೆಯ ತುಂಬ ಸೂಟ್‌ಕೇಸ್ ಹರಡಿತ್ತು. ಅಜ್ಜಿ ಶೇಂಗಾ ಹೋಳಿಗೆ, ಚಟ್ನಿಪುಡಿ, ಬ್ಯಾಡಗಿ ಖಾರದಪುಡಿ ಕಟ್ಟುತ್ತಿದ್ದಳು. ಮೊಮ್ಮಗಳು ಅಭ್ಯಾಸ ಪುಸ್ತಕದ ಕೊನೆಯ ಪುಟ ಮುಗಿಸುತ್ತಿದ್ದಳು. ‘ನಮ್ಮ’ ಎಂಬುದಕ್ಕೆ ಏನು ಬಾಲ ಎಂದು ನಾನು ಕೇಳಿದೆ.

“ಅದಕ್ಕೆ ಬಾಲ ಇಲ್ಲ ಅಜ್ಜ. ಬೇರೆ ಪದ ಇಡಬೇಕು. ಅದೂ ಎರಡು ಥರ ಇದೆ.”

ರುಮಾಹ್ ಕಾಮಿ ಎಂದರೆ ನಮ್ಮ ಮನೆ, ಆದರೆ ಕೇಳುತ್ತಿರುವ ನಿನ್ನದಲ್ಲ. ರುಮಾಹ್ ಕಿತ ಎಂದರೂ ನಮ್ಮ ಮನೆ, ನಿನ್ನನ್ನೂ ಸೇರಿಸಿ. ತೆಲುಗಿನಲ್ಲಿ ‘ಮೇಮು’ ಮತ್ತು ‘ಮನಮು’ ಎಂದು ಇಂಥದೇ ಭೇದವಿದೆ. ತಮಿಳಿನಲ್ಲಿಯೂ ಇದೆ. ಇಂದಿನ ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಮ್ಮ’. ಒಬ್ಬನೇ ಮಗನಾದರೂ ನಮ್ಮ ಕಡೆ ‘ನನ್ನ ಅವ್ವ’ ಎನ್ನುವುದಿಲ್ಲ, ‘ನಮ್ಮವ್ವ’ ಎನ್ನುತ್ತಾನೆ. ಆ ‘ನಮ್ಮ’ದೊಳಗೆ ಎದುರಿಗಿದ್ದವರು ಇದ್ದಾರೋ ಇಲ್ಲವೋ ಎಂಬುದನ್ನು ಕೇಳುವವರೇ ಊಹಿಸಬೇಕು. ಊಹೆ ತಪ್ಪಿದರೆ ರಾತ್ರಿ ನಿದ್ದೆ ಬರುವುದಿಲ್ಲ.

ನಾನು ಏನೂ ತೋರಿಸಿಕೊಳ್ಳದೆ ಕೇಳಿದೆ: “ಹಂಗಾರ ಈ ಮನಿಗೆ ಏನಂತಿ?”

ಅವಳು ಪೆನ್ಸಿಲ್ ಬಾಯಲ್ಲಿ ಕಚ್ಚಿ ಯೋಚಿಸಿದಳು. ನನ್ನನ್ನು ನೋಡಿದಳು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಅಜ್ಜಿಯನ್ನು ನೋಡಿದಳು.

“ರುಮಾಹ್ ಕಿತ.”

“ಹಂಗಂದ್ರೇನವಾ?” ಎಂದಳು ಅಜ್ಜಿ.

ಮೊಮ್ಮಗಳಿಗೆ ಬ್ಯಾಡಗಿಯ ಮಾರುಕಟ್ಟೆ ನೆನಪಾಗಿರಬೇಕು. ಎದ್ದು ನಿಂತು, ಕೈ ಕಟ್ಟಿ, ಗಟ್ಟಿಯಾಗಿ ಹೇಳಿದಳು: “ನಮ್ಮನೀರಿ!”

ಅಜ್ಜಿ ಹಿಟ್ಟಿನ ಕೈಯಿಂದಲೇ ಅವಳನ್ನು ಎಳೆದುಕೊಂಡಳು. “ಅಯ್ಯ ನನ್ನವ್ವ, ‘ರಿ’ ಎಲ್ಲಾ ನಿಮ್ಮಜ್ಜಗ ಹಚ್ಚು. ನನಗ್ ಬ್ಯಾಡ.”